ಮುಳ್ಳು ಸುಳ್ಳು ಹೇಳಿದಾಗ

ಹಳೇ ಕಾರಿಗೆ ಈಗಷ್ಟೇ ಪೆಟ್ರೋಲ್ ಹಾಕಿಸಿದ್ದೀರಿ, ಆದ್ರೂ ಮುಳ್ಳು ಎಂಪ್ಟಿ ಬಿಟ್ಟು ಏಳ್ತಿಲ್ಲ. ತುಂಬಾ ಜನ ಮೊದಲು ಮೀಟರ್ ಬದಲಾಯಿಸೋಕೆ ದುಡ್ಡು ಕೊಡ್ತಾರೆ. ಈ ಮುಳ್ಳಿನ ಇತಿಹಾಸ ಸ್ವಲ್ಪ ಗೊತ್ತಿದ್ರೆ ಕೈ ಮೊದಲು ಹೋಗೋದು ಟ್ಯಾಂಕ್ ಕಡೆಗೆ.

1908ರಲ್ಲಿ ಅಮೆರಿಕದಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ನೋಡಿ. ಅದರಲ್ಲಿ ಮುಳ್ಳೇ ಇರಲಿಲ್ಲ. ಹೆಚ್ಚಿನ ಗಾಡಿಗಳಲ್ಲಿ ಟ್ಯಾಂಕ್ ಇದ್ದದ್ದು ಮುಂದಿನ ಸೀಟಿನ ಕೆಳಗೆ. ಕೂತವರನ್ನ ಎಬ್ಬಿಸಿ, ಮುಚ್ಚಳ ತೆಗೆದು, ಮರದ ಕಡ್ಡಿ ಇಳಿಸಿ, ಎಲ್ಲಿವರೆಗೆ ಒದ್ದೆಯಾಯ್ತು ಅಂತ ನೋಡಬೇಕಿತ್ತು. ಪಂಪ್ ಕೂಡ ಇಲ್ಲ, ಪೆಟ್ರೋಲ್ ತಾನಾಗೇ ಹರಿದು ಇಂಜಿನ್ ಸೇರಬೇಕು. ಅದಕ್ಕೇ ಪೆಟ್ರೋಲ್ ಕಮ್ಮಿಯಿದ್ದಾಗ ಕಡಿದಾದ ಏರನ್ನ ರಿವರ್ಸ್‌ನಲ್ಲಿ ಹತ್ತಿಸ್ತಿದ್ರು!

ಜರ್ಮನಿಯ ಬೀಟಲ್ ಕಾರಿಗೂ 1960ರ ದಶಕದ ಶುರುವಿನವರೆಗೆ ಮುಳ್ಳಿರಲಿಲ್ಲ. ಕಾಲಿನ ಹತ್ತಿರ ಒಂದು ರಿಸರ್ವ್ ಲಿವರ್, ಅಷ್ಟೇ. ಇಂಜಿನ್ ಕೆಮ್ಮಿದ್ರೆ ತಿರುಗಿಸಿ. ಪೆಟ್ರೋಲ್ ಹಾಕಿಸಿದ ಮೇಲೆ ಅದನ್ನ ವಾಪಸ್ ತಿರುಗಿಸೋದು ಮರೆತ್ರೋ, ಮುಂದಿನ ಸಲ ನಡಿಗೆಯೇ ಗತಿ. ಚೇತಕ್ ಓಡಿಸಿದ ನಮ್ಮ ಅಪ್ಪಂದಿರನ್ನ ಕೇಳಿ, ಅವರಿಗೂ ಇದೇ ಪಾಡು.

ಅಷ್ಟರಲ್ಲಾಗಲೇ ಬೇರೆ ಕಾರುಗಳಲ್ಲಿ ಕಡ್ಡಿಯ ಕೆಲಸ ಫ್ಲೋಟ್‌ಗೆ ಹೋಗಿತ್ತು. ಪೆಟ್ರೋಲ್ ಜೊತೆ ಅದು ಏರಿಳಿದಂತೆ ಸೆಂಡರ್‌ನ ರೆಸಿಸ್ಟೆನ್ಸ್ ಬದಲಾಗುತ್ತೆ, ವೈರ್ ಆ ಸುದ್ದಿಯನ್ನ ಮುಳ್ಳಿಗೆ ಮುಟ್ಟಿಸುತ್ತೆ. ಅಂದ್ರೆ ಮುಳ್ಳು ಬರೀ ವರದಿಗಾರ. ಪೆಟ್ರೋಲನ್ನ ಅದು ಕಣ್ಣಾರೆ ನೋಡೇ ಇಲ್ಲ.

ಸುಳ್ಳು ಹೇಳಿದ್ದು ಯಾರು ಅಂತ ಹಿಡಿಯೋದು ಹೀಗೆ. ಕೀ ಆಫ್ ಮಾಡಿ, ಸೆಂಡರ್ ವೈರ್ ಬಿಚ್ಚಿ, ಅದನ್ನ ಬಾಡಿಗೆ ಗಟ್ಟಿಯಾಗಿ ತಾಗಿಸಿ, ಆಮೇಲೆ ಕೀ ಆನ್ ಮಾಡಿ. ಒಂದೆರಡು ಸೆಕೆಂಡ್ ಸಾಕು. ಹತ್ತಿರ ಪೆಟ್ರೋಲ್ ಆವಿ, ಕಿಡಿ ಎರಡೂ ಬೇಡ. ಹಳೇ ಫೋರ್ಡ್‌ಗಳಲ್ಲಿ ಮುಳ್ಳು ಫುಲ್‌ಗೆ ಹೋಗಬೇಕು. ಹಳೇ ಜನರಲ್ ಮೋಟಾರ್ಸ್ ಗಾಡಿಗಳಲ್ಲಿ ಇದು ಉಲ್ಟಾ: ತಾಗಿಸಿದ್ರೆ ಎಂಪ್ಟಿ, ಬಿಚ್ಚಿಟ್ರೆ ಫುಲ್. ಮುಳ್ಳು ಹೀಗೆ ಓಡಾಡಿದ್ರೆ ಮೀಟರ್, ವೈರ್ ಎರಡೂ ಸರಿಯಿವೆ. ಸೆಂಡರ್‌ನ ಅರ್ಥ್ ತುಕ್ಕು ಹಿಡಿದಿರಬಹುದು, ಒಳಗೆ ಸವೆದಿರಬಹುದು. ಟೆಂಪರೇಚರ್ ಮುಳ್ಳೂ ಜೊತೆಗೇ ತಪ್ಪು ತೋರಿಸ್ತಿದ್ರೆ ಮಾತ್ರ ಡ್ಯಾಶ್‌ಬೋರ್ಡ್ ಹಿಂದಿನ ವೋಲ್ಟೇಜ್ ರೆಗ್ಯುಲೇಟರ್ ನೋಡಿ.

ಮೆಕ್ಯಾನಿಕ್ ಫ್ಲೋಟ್ ಹೊರಗೆ ತೆಗೆದಾಗ ಒಂದ್ಸಲ ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಕುಲುಕಿದ ಸದ್ದು ಬಂದ್ರೆ ಅದು ತೂತಾಗಿ, ಪೆಟ್ರೋಲ್ ಕುಡಿದು, ಟ್ಯಾಂಕಿನ ತಳದಲ್ಲಿ ಮಲಗಿತ್ತು ಅಂತ.