ಪ್ಲೇಟು, ಕ್ಯಾಸೆಟ್ಟು, ಡಾಲ್ಬಿ: ಚಿಕ್ಕೋಡಿ–ಅಥಣಿ ಸೀಮೆಯಲ್ಲಿ ಹಾಡು ಹಚ್ಚಿದವರು

ಧ್ವನಿಮುದ್ರಿತ ಸಂಗೀತದ ಚರಿತ್ರೆಯನ್ನು ಕಂಪನಿಗಳ ಕಡೆಯಿಂದ ಬರೆಯುವುದು ರೂಢಿ. ಹಾಗೆ ಬರೆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿಗೆ ದಕ್ಕುವುದು ಅಡಿಟಿಪ್ಪಣಿಯಷ್ಟು ಜಾಗ. ಕಂಪನಿಗಳಿದ್ದದ್ದು ಮೊದಲು ಕಲ್ಕತ್ತೆ, ಮುಂಬಯಿಗಳಲ್ಲಿ, ಆಮೇಲೆ ಬೆಂಗಳೂರಿನಲ್ಲಿ. ಆದರೆ ಈ ಗಡಿಸೀಮೆಯಲ್ಲಿ ಹಾಡಿನ ಮಾರುಕಟ್ಟೆಯನ್ನು ನಡೆಸಿದವನು ಕೊಳ್ಳುವವನಿಗಿಂತ ಹೆಚ್ಚಾಗಿ ಹಚ್ಚುವವನು: ಮೈಕ್‌ಸೆಟ್ಟಿನವನು, ಟ್ರ್ಯಾಕ್ಟರ್ ಡ್ರೈವರು, ಡಾಲ್ಬಿಯವನು. ಈ ಲೇಖನದ ವಾದ ಇಷ್ಟೇ.

ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಭಾರತೀಯ ಗಾಯನವನ್ನು ಮುದ್ರಿಸಿದ್ದು 1902ರಲ್ಲಿ. ಕಾಗವಾಡದ ನೆರೆಯ ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರು 1930ರ ದಶಕದಲ್ಲಿ ಓಡಿಯನ್‌ಗೆ ಹಾಡಿದರು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅದೇ ದಶಕದಲ್ಲಿ ಎಚ್‌ಎಂವಿ ಪ್ಲೇಟುಗಳಲ್ಲಿ ಕೇಳಿಬಂದರು. 78 ಸುತ್ತಿನ ಪ್ಲೇಟಿನ ಒಂದು ಬದಿ ಮೂರು ಮಿನಿಟಿನ ಆಸುಪಾಸು. ಠುಮ್ರಿ ಅದರಲ್ಲಿ ಹಿಡಿಯಿತು, ನಾಟಕದ ಪದವೂ ಹಿಡಿಯಿತು. ರಾತ್ರಿಯಿಡೀ ನಡೆಯುವ ಶ್ರೀಕೃಷ್ಣ ಪಾರಿಜಾತ, ಹರದೇಶಿ–ನಾಗೇಶಿ ಗೀಗೀ ಮೇಳಗಳ ಸವಾಲು-ಜವಾಬು, ಬೀರಪ್ಪನ ಡೊಳ್ಳಿನ ಪದ ಹಿಡಿಯಲಿಲ್ಲ. ಹಳ್ಳಿಯ ಹಾಡು ಪ್ಲೇಟಿನಿಂದ ಹೊರಗುಳಿದದ್ದಕ್ಕೆ ಪೇಟೆಯವರ ತಾತ್ಸಾರವೊಂದೇ ಕಾರಣ ಎನ್ನುವುದು ಅವಸರದ ಮಾತು.

ಕನ್ನಡ ಕ್ಯಾಸೆಟ್ಟಿನ ಕಥೆಯನ್ನು 1978ರ ‘ನಿತ್ಯೋತ್ಸವ’ದಿಂದ ಹಿಡಿದು ಭಾವಗೀತೆಯಲ್ಲೇ ಮುಗಿಸುವ ಅಭ್ಯಾಸ ನಮ್ಮ ವಿಮರ್ಶೆಗಿದೆ. ಇಲ್ಲಿ ಕ್ಯಾಸೆಟ್ ಮಾಡಿದ ಕೆಲಸ ಬೇರೆ. ಒಂದು ಬದಿಗೆ ಅರ್ಧ ಗಂಟೆ ಸಿಕ್ಕಿದ್ದರಿಂದ ಗೀಗೀ ವಾದ, ಡೊಳ್ಳಿನ ಪದಗಳಿಗೆ ಉಸಿರಾಡಲು ಜಾಗ ಸಿಕ್ಕಿತು. ಗುರುರಾಜ ಹೊಸಕೋಟೆಯವರಂಥ ಜನಪದ ಗಾಯಕರು ಸಿನಿಮಾದ ಹಂಗಿಲ್ಲದೆ ಮನೆಮಾತಾದರು. ಬಸ್‌ ನಿಲ್ದಾಣದ ಬದಿಯ ಅಂಗಡಿಗಳಲ್ಲಿ ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡು ತುಂಬಿಸಿಕೊಡುತ್ತಿದ್ದರು, ಮುಂದೆ ಅದೇ ಕೆಲಸ ಮೆಮೊರಿ ಕಾರ್ಡಿಗೆ ಬಂತು. ಭಾಷೆಯ ಗಡಿ ಈ ವ್ಯವಹಾರಕ್ಕೆ ಅಡ್ಡ ಬರಲಿಲ್ಲ. 1950ರಿಂದ ಧಾರವಾಡ ಆಕಾಶವಾಣಿಯನ್ನೂ 1963ರಿಂದ ಸಾಂಗಲಿಯದನ್ನೂ ಕೇಳಿ ಬೆಳೆದ ಸೀಮೆಯಿದು. ಮಾಘ ಮಾಸದ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದ ಭಕ್ತರೂ ಬರುವುದರಿಂದ ದೇವಿಯ ಪದಗಳು ಎರಡೂ ಭಾಷೆಯಲ್ಲಿ ಬೇಕಾದವು.

ಇನ್ನು ಡಾಲ್ಬಿ. ಕೊಲ್ಹಾಪುರ, ಸಾಂಗಲಿಗಳಂತೆ ಇಲ್ಲಿಯೂ ಡಿಜೆ ಧ್ವನಿವರ್ಧಕಗಳ ರಾಶಿಗೆ ಜನ ಹೇಳುವ ಹೆಸರು ಇದು. ಗಣಪತಿಯ ಮೆರವಣಿಗೆ, ಮದುವೆಯ ವರಾತ ಇದರ ಮುಖ್ಯ ವೇದಿಕೆ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ದಾರಿ ಹಿಡಿದ ಟ್ರ್ಯಾಕ್ಟರುಗಳ ಟೇಪು ಮತ್ತೊಂದು. ಹಾಡಿನ ಕಟ್ಟುವಿಕೆಯೇ ಇದರಿಂದ ಬದಲಾಗಿದೆ: ಬೇಸ್ ಮುಂದೆ ಬಂದಿದೆ, ಪದ ಮತ್ತೆ ನಾಲ್ಕೈದು ಮಿನಿಟಿಗೆ ಇಳಿದಿದೆ. ಪ್ಲೇಟಿನ ನಡುವಿನ ಕಾಗದದ ಮೇಲೆ ಕಂಪನಿಯ ಹೆಸರಿರುತ್ತಿತ್ತು. ಈಗ ಮಿಕ್ಸ್ ಮಾಡಿದ ಡಿಜೆಯ ಹೆಸರು ಹಾಡಿನ ನಡುವೆಯೇ ಕೂಗಿಬರುತ್ತದೆ. ರಾಯಬಾಗ ತಾಲ್ಲೂಕಿನ ಮಾಳು ನಿಪನಾಳ ಅವರನ್ನು ನಾಡಿಗೆಲ್ಲ ಪರಿಚಯಿಸಿದ ‘ನಾ ಡ್ರೈವರಾ’ದಲ್ಲಿ ಡ್ರೈವರನೇ ನಾಯಕ. ಹಾಡು ಹಚ್ಚುತ್ತಿದ್ದವನು ಹಾಡಿನೊಳಗೆ ಬಂದ ಈ ಸ್ಥಿತ್ಯಂತರವನ್ನು ಬರಿಯ ಅಗ್ಗದ ಮನರಂಜನೆ ಎಂದು ತಳ್ಳಿಹಾಕುವಂತಿಲ್ಲ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಸೌಂಡ್ ಸಿಸ್ಟಮ್ ಇಟ್ಟುಕೊಂಡಿದ್ದ ಕಾಕ್ಸನ್ ಡಾಡ್ ಮುಂದೆ ಸ್ಟುಡಿಯೋ ಒನ್ ಎಂಬ ಲೇಬಲ್ಲನ್ನೇ ಕಟ್ಟಿದ. ಇಲ್ಲಿ ಆ ಜಾಗವನ್ನು ಯೂಟ್ಯೂಬ್ ವಾಹಿನಿಗಳು ಹಿಡಿದಿವೆ.

ಕಾನೂನು ಎರಡು ದಿಕ್ಕಿಗೆ ನೋಡುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಧಾರ್ಮಿಕ ಸಮಾರಂಭಕ್ಕೂ ಮದುವೆಯ ಮೆರವಣಿಗೆಗೂ ವಿನಾಯಿತಿ ಕೊಟ್ಟಿದೆ. ಅಲ್ಲಿ ಹಚ್ಚಿದ ಹಾಡಿಗೆ ಲೇಬಲ್ಲು ಹಣ ಕೇಳುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿ, ರಾತ್ರಿ 10ರ ಮೇಲೆ ಬೆಳಗಿನ 6ರವರೆಗೆ ಬಯಲಿನ ಧ್ವನಿವರ್ಧಕವನ್ನು ತಡೆದಿವೆ. ಸಂಸ್ಕೃತಿಯ ಹೆಸರಿನಲ್ಲಿ ಈ ಮಿತಿಯನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಹಸುಗೂಸು, ಮುದುಕರು ಇರುವ ಓಣಿಯಲ್ಲೇ ಡಾಲ್ಬಿ ಹಾಯುತ್ತದೆ.

ಸಂಶೋಧಕರ ಮುಂದಿರುವ ತುರ್ತು ಬೇರೆ. ಮೇಳದ ಹೆಸರು, ಊರು, ಹಾಡಿದವರ ಹೆಸರು ಕ್ಯಾಸೆಟ್ಟಿನ ಹೊದಿಕೆಯ ಕಾಗದದಲ್ಲಿವೆ, ಕ್ಯಾಸೆಟ್ಟುಗಳು ಹಳೆಯ ಮೈಕ್‌ಸೆಟ್ಟಿನವರ ಅಟ್ಟದಲ್ಲಿವೆ, ಕಾಂತಟೇಪು ಬಹುಕಾಲ ಬಾಳುವ ವಸ್ತುವಲ್ಲ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವೂ ಅವನ್ನು ಕಾಗದದ ಸಮೇತ ಸಂಗ್ರಹಿಸುವ ಕೆಲಸವನ್ನು ಈಗಲೇ ಕೈಗೆತ್ತಿಕೊಳ್ಳಬೇಕು.