ಬಾನುಲಿಯ ಬಾಗಿಲಲ್ಲಿ ಹೊಸ ನಾದ

ಬೆಳಗಿನ ಹೊತ್ತು ರೇಡಿಯೋ ಹಚ್ಚಿದಾಗ, ಹಾಡುವವರ ದನಿಗೆ ಮುಂಚೆ ನಿಮ್ಮ ಕಿವಿಗೆ ಬೀಳುವುದು ತಂಬೂರಿಯ ಶ್ರುತಿ. ಅದು ಹಲಸಿನ ಮರದ ತಂಬೂರಿಯಿಂದ ಬಂದದ್ದೋ, ಪಕ್ಕದಲ್ಲಿಟ್ಟ ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆಯಿಂದ ಬಂದದ್ದೋ ಎಂದು ನೀವು ವಿಚಾರಿಸಿದ್ದುಂಟೆ? ಬಹುಮಂದಿ ವಿಚಾರಿಸುವುದಿಲ್ಲ. ಆದರೆ ಯಾವ ನಾದ ಸಂಗೀತ, ಯಾವುದು ಬರಿಯ ಸದ್ದು, ಯಾವುದು ಸ್ವಂತ, ಯಾವುದು ಎರವಲು ಎಂಬ ಜಗಳ ಕಳೆದ ಶತಮಾನದಲ್ಲಿ ಬಹಳ ಜೋರಾಗಿಯೇ ನಡೆಯಿತು. ವಿಶೇಷವೇನೆಂದರೆ, ಅದರ ದೊಡ್ಡ ಪಾಲು ನಡೆದದ್ದು ಬಾನುಲಿ ನಿಲಯಗಳ ಒಳಗೇ. ನಮ್ಮ ನಿಲಯಗಳು ಒಂದು ವಾದ್ಯಕ್ಕೆ ಬಾಗಿಲು ಮುಚ್ಚಿದ್ದ ಕಾಲದಲ್ಲೇ ಯೂರೋಪಿನ ನಿಲಯಗಳು ವಾದ್ಯವೆಂದು ಯಾರೂ ಕರೆಯದ ಯಂತ್ರಗಳಿಗೆ ಬಾಗಿಲು ತೆರೆದವು.

ಮೊದಲು ನಮ್ಮ ಮನೆಯ ಸಂಗತಿ. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋ ತನ್ನ ನಿಲಯಗಳಲ್ಲಿ ಹಾರ್ಮೋನಿಯಂ ವಾದನವನ್ನು ನಿಷೇಧಿಸಿತು. ಅದಕ್ಕೆ ಮುಂಚೆಯೇ ದೆಹಲಿ ನಿಲಯದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ಫೋಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಗಾರರು, ಬಾನುಲಿಯದೇ ಪತ್ರಿಕೆಯಾದ ‘ಇಂಡಿಯನ್ ಲಿಸನರ್’ನಲ್ಲಿ ಈ ವಾದ್ಯವನ್ನು ಕಟುವಾಗಿ ಟೀಕಿಸಿ ಬರೆದಿದ್ದರು. ರವೀಂದ್ರನಾಥ ಠಾಕೂರರೂ 1940ರ ಜನವರಿಯಲ್ಲಿ ಕಲ್ಕತ್ತಾ ನಿಲಯಕ್ಕೆ ಪತ್ರ ಬರೆದು, ತಮ್ಮ ಆಶ್ರಮದಿಂದ ಅದನ್ನು ದೂರವಿಟ್ಟಿರುವುದಾಗಿ ತಿಳಿಸಿದರು. ಪರದೇಶದವರೂ ಸ್ವದೇಶದವರೂ ಒಂದೇ ದನಿಯಲ್ಲಿ ಬೇಡವೆಂದ ಮೇಲೆ ಪಾಪದ ಪೇಟಿಯ ಪರವಾಗಿ ಮಾತನಾಡುವವರು ಯಾರು?

ಆಕ್ಷೇಪಣೆಯಲ್ಲಿ ಹುರುಳಿರಲಿಲ್ಲವೆಂದು ಹೇಳಲಾರೆ. ಹಾರ್ಮೋನಿಯಂ 19ನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ರೂಪುಗೊಂಡ ವಾದ್ಯ. ಅದರ ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ ಗಟ್ಟಿಯಾಗಿ ಕೂರಿಸಲಾಗಿದೆ. ತಂಬೂರಿಯ ಷಡ್ಜದ ತಂತಿಯಿಂದ ತಾನಾಗಿ ಹುಟ್ಟುವ ಅಂತರ ಗಾಂಧಾರವನ್ನು ಕಿವಿಗೊಟ್ಟು ಕೇಳಿ, ಆಮೇಲೆ ಪೇಟಿಯ ಗಾಂಧಾರದ ಮನೆಯನ್ನು ಒತ್ತಿ ನೋಡಿ. ಪೇಟಿಯದು ಅರ್ಧಸ್ವರದ ಸುಮಾರು ಏಳರಲ್ಲೊಂದು ಭಾಗದಷ್ಟು ಮೇಲೆ ನಿಂತಿರುತ್ತದೆ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿಯೇ ಅದರಲ್ಲಿಲ್ಲ. ತೋಡಿಯ ಗಾಂಧಾರವನ್ನು ಅಲುಗಿಸಬೇಕು, ದರ್ಬಾರಿ ಕಾನಡಾದ ಗಾಂಧಾರವನ್ನು ತೂಗಬೇಕು. ಮೆಟ್ಟಿಲು ಹತ್ತಿ ಇಳಿಯುವುದಷ್ಟನ್ನೇ ಬಲ್ಲ ವಾದ್ಯ ಇಲ್ಲಿ ಏನು ಮಾಡೀತು?

ಆದರೆ ವಾದ ಇಷ್ಟಕ್ಕೇ ನಿಲ್ಲಲಿಲ್ಲ. ಇದು ವಿದೇಶೀ ವಸ್ತು, ನಮ್ಮ ಸಂಗೀತದ ಸ್ವಂತಿಕೆಗೆ ಕಳಂಕ ಎಂಬ ಮಾತೂ ಸೇರಿಕೊಂಡಿತು. ಈ ಮಾತು ಮಾತ್ರ ನಿಲ್ಲುವಂಥದಲ್ಲ. ಪಿಟೀಲು ಎಲ್ಲಿಂದ ಬಂತು? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ಸಂಗೀತಕ್ಕೆ ತಂದಾಗ ಅದೂ ಯೂರೋಪಿನದೇ ಆಗಿತ್ತಲ್ಲ. ಮುಂದೆ ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ನುಡಿಸಿದರು. ಬಾನುಲಿ ಪಿಟೀಲನ್ನು ಎಂದೂ ಹೊರಗಟ್ಟಲಿಲ್ಲ. ಪಿಟೀಲಿನಲ್ಲಿ ಬೆರಳು ಜಾರುತ್ತದೆ, ಪೇಟಿಯಲ್ಲಿ ಜಾರುವುದಿಲ್ಲ. ನಿಜವಾದ ಕಾರಣ ಇದೊಂದೇ. ಇದು ಕಿವಿಯ ತೀರ್ಪು. ಅದರ ಮೇಲೆ ಹುಟ್ಟೂರಿನ ಮುದ್ರೆ ಒತ್ತಿದ್ದರಿಂದ ತೀರ್ಪು ಇನ್ನೂ ಕಠಿಣವಾಯಿತು.

ಅದನ್ನು ಅನುಭವಿಸಿದವರು ಯಾರೆಂದು ನೋಡಿ. ನಾಟಕ ಕಂಪನಿಗಳಲ್ಲಿ ಕಾಲುಪೇಟಿ ತುಳಿದು ಊರೂರು ತಿರುಗಿದ ಮಾಸ್ತರರು, ಖ್ಯಾಲ್ ಗಾಯಕರ ಹಿಂದೆ ಕುಳಿತು ಒಂದೊಂದು ತಾನನ್ನೂ ನೆರಳಿನಂತೆ ಹಿಂಬಾಲಿಸುವ ವಾದಕರು. 1950ರಲ್ಲಿ ಧಾರವಾಡದ ನಿಲಯ ತೆರೆದಾಗಲೂ ನಿಯಮ ಹಾಗೆಯೇ ಇತ್ತು. ಊರೊಳಗಿನ ಬೈಠಕ್ಕಿನಲ್ಲಿ ಪೇಟಿಯ ಸಾಥಿ, ಅದೇ ಗವಾಯಿ ಅದೇ ಊರಿನ ಬಾನುಲಿಯಲ್ಲಿ ಹಾಡುವಾಗ ಪೇಟಿಗೆ ಪ್ರವೇಶವಿಲ್ಲ. ಮೂವತ್ತೊಂದು ವರ್ಷಗಳ ನಂತರ, 1971ರಲ್ಲಿ, ನಿಷೇಧ ಸಡಿಲಗೊಂಡು ಅದು ಪಕ್ಕವಾದ್ಯವಾಗಿ ಒಳಗೆ ಬಂತು. ಅಷ್ಟು ಹೊತ್ತಿಗೆ ಒಬ್ಬ ವಾದಕನ ದುಡಿಮೆಯ ಕಾಲವೇ ಮುಗಿದಿರುತ್ತದೆ. ನಿಷೇಧದಿಂದ ಸಾರಂಗಿಯವರಿಗೆ ಬಾನುಲಿಯಲ್ಲಿ ನೆಲೆ ಉಳಿಯಿತೆಂಬುದನ್ನೂ ಹೇಳಬೇಕು. ನಷ್ಟವೊಂದನ್ನೇ ಎಣಿಸುವುದು ನ್ಯಾಯವಲ್ಲ.

ಇನ್ನು ಯೂರೋಪಿಗೆ ಬನ್ನಿ. ಯುದ್ಧ ಮುಗಿದು ಮೂರು ವರ್ಷವಾಗಿತ್ತು. ಫ್ರೆಂಚ್ ರೇಡಿಯೋದಲ್ಲಿ ಎಂಜಿನಿಯರರಾಗಿದ್ದ ಪಿಯೆರ್ ಷೇಫರ್ ಎಂಬವರು ಪ್ಯಾರಿಸ್ಸಿನ ರೈಲು ನಿಲ್ದಾಣವೊಂದಕ್ಕೆ ಹೋಗಿ, ಎಂಜಿನ್ನಿನ ಸಿಳ್ಳು, ಗಾಲಿಯ ಗಡಗಡ ಇವನ್ನೆಲ್ಲ ಮುದ್ರಿಸಿಕೊಂಡು ಬಂದರು. ಆ ತುಣುಕುಗಳನ್ನು ತಿರುಗಿಸಿ, ಪುನರಾವರ್ತಿಸಿ, ಜೋಡಿಸಿ ಒಂದು ಕೃತಿ ಮಾಡಿದರು. 1948ರ ಅಕ್ಟೋಬರ್ 5ರಂದು ಅದು ಪ್ರಸಾರವಾಯಿತು. ರೈಲಿನ ಸದ್ದು ರೈಲಿನದು. ಹಾಗಾದರೆ ಇದರಲ್ಲಿ ಷೇಫರ್ ಅವರದೇನು? ಅವರ ಉತ್ತರ ಸರಳ. ಸದ್ದು ಎಲ್ಲಿಂದ ಬಂತೆಂಬುದನ್ನು ಮರೆತು, ಸದ್ದನ್ನೇ ಕೇಳಿ ಎಂದು.

ಜರ್ಮನಿಯ ಕೊಲೋನ್ ನಗರದ ಬಾನುಲಿಯವರು ಇದನ್ನು ಒಪ್ಪಲಿಲ್ಲ. 1951ರಲ್ಲಿ ಅಲ್ಲಿ ಹೆರ್ಬರ್ಟ್ ಐಮರ್ಟ್ ಮೊದಲಾದವರು ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಕಟ್ಟಲು ತೊಡಗಿದರು. ರೈಲಿನ ಸದ್ದನ್ನು ಕದಿಯುವುದು ರಚನೆಯಲ್ಲ, ನಾದವನ್ನು ಮೊದಲಿನಿಂದ ನಾವೇ ಹುಟ್ಟಿಸಬೇಕು ಎಂಬುದು ಅವರ ಪಟ್ಟು. ಹುಟ್ಟಿಸುವುದಕ್ಕೆ ಅವರ ಬಳಿ ಇದ್ದದ್ದು ಬಾನುಲಿ ಉಪಕರಣಗಳನ್ನು ಪರೀಕ್ಷಿಸಲು ಬಳಸುವ ಆಸಿಲೇಟರು. ಅದರಿಂದ ಬರುವುದು ಯಾವ ಬಣ್ಣವೂ ಇಲ್ಲದ ಒಂಟಿ ಕಂಪನ, ಖಾಲಿ ಸೀಸೆಯ ಬಾಯಿಗೆ ಊದಿದ ಹಾಗೆ. ಅಂಥ ಒಂದೊಂದು ದನಿಯನ್ನೂ ಬೇರೆಬೇರೆಯಾಗಿ ಟೇಪಿಗೆ ಇಳಿಸಿ, ಟೇಪನ್ನು ಸೆಂಟಿಮೀಟರಿನ ಲೆಕ್ಕದಲ್ಲಿ ಕತ್ತರಿಸಿ ಅಂಟಿಸುವ ಕೆಲಸ. ನಿಮಿಷಗಟ್ಟಲೆ ಸಂಗೀತಕ್ಕೆ ತಿಂಗಳುಗಟ್ಟಲೆ ದುಡಿಮೆ.

ಇಲ್ಲಿ ನಮಗೆ ಸಂಬಂಧಪಟ್ಟ ಒಂದು ಸ್ವಾರಸ್ಯವಿದೆ. ಆಸಿಲೇಟರಿಗೆ ಮನೆಗಳಿಲ್ಲ, ಮೆಟ್ಟಿಲುಗಳಿಲ್ಲ. ತಿರುಪನ್ನು ತಿರುಗಿಸಿದರೆ ಎಷ್ಟು ಬೇಕಾದರೂ ಸಣ್ಣ ಅಂತರ ಸಿಗುತ್ತದೆ, ಎಷ್ಟು ಬೇಕಾದರೂ ಜಾರಬಹುದು. ಹಾರ್ಮೋನಿಯಂಗೆ ಯಾವ ದೋಷ ಹೇಳಿದ್ದೆವೋ ಆ ದೋಷವೇ ಇದರಲ್ಲಿಲ್ಲ. ಇಂಥ ಯಂತ್ರ ಕೈಗೆ ಬಂದಾಗ ತರುಣ ಸ್ಟಾಕ್‌ಹೌಸನ್ ಮಾಡಿದ್ದೇನು? 1954ರ ತಮ್ಮ ‘ಸ್ಟೂಡಿಯೆ’ ಎರಡನೆಯ ಕೃತಿಗೆ, ಒಂದಕ್ಕೆ ಐದರಷ್ಟು ಕಂಪನದ ಹರವನ್ನು 25 ಸಮಭಾಗ ಮಾಡಿ, 81 ಸ್ವರಗಳ ಹೊಸ ಶ್ರೇಣಿ ಕಟ್ಟಿದರು. ಅದರ ಒಂದೊಂದು ಹೆಜ್ಜೆ ಪೇಟಿಯ ಹೆಜ್ಜೆಗಿಂತ ತುಸುವೇ ದೊಡ್ಡದು! ಮೆಟ್ಟಿಲಿಲ್ಲದ ಯಂತ್ರ ಸಿಕ್ಕಾಗಲೂ ಅವರು ಮೆಟ್ಟಿಲನ್ನೇ ಕಟ್ಟಿಕೊಂಡರು. ಸ್ವರವೆಂದರೆ ಒಂದು ಬಿಂದು ಎಂದು ಕಲಿತ ಕಿವಿ ಅವರದು. ಸ್ವರವೆಂದರೆ ಒಂದು ನಡೆ ಎಂದು ಕಲಿತ ಕಿವಿ ನಮ್ಮದು. ಯಂತ್ರ ಎರಡಕ್ಕೂ ಸಿದ್ಧವಿತ್ತು. 1956ರಲ್ಲಿ ಅವರೇ ಬಾಲಕನೊಬ್ಬನ ಕಂಠವನ್ನು ಯಂತ್ರದ ನಾದದೊಡನೆ ಬೆಸೆದು ಇನ್ನೊಂದು ಕೃತಿಯನ್ನು ಹೊರತಂದರು. ಪ್ಯಾರಿಸ್ಸಿಗೂ ಕೊಲೋನಿಗೂ ಇದ್ದ ಮಡಿಮೈಲಿಗೆಯ ಜಗಳ ಅಲ್ಲಿಗೆ ಬಹುಮಟ್ಟಿಗೆ ತಣ್ಣಗಾಯಿತು.

ಜಾರುವ ಗುಣವನ್ನು ಚೆನ್ನಾಗಿ ಬಳಸಿದವರಲ್ಲಿ ಲಂಡನ್ನಿನ ಒಬ್ಬ ಹೆಣ್ಣುಮಗಳು ಡೀಲಿಯ ಡರ್ಬಿಷೈರ್. ಬಿ.ಬಿ.ಸಿ.ಯ ‘ರೇಡಿಯೋಫೋನಿಕ್ ವರ್ಕ್‌ಷಾಪ್’ನಲ್ಲಿ ಆಕೆ 1963ರಲ್ಲಿ ‘ಡಾಕ್ಟರ್ ಹೂ’ ಎಂಬ ಟೆಲಿವಿಷನ್ ಮಾಲೆಗೆ ಶೀರ್ಷಿಕೆ ಸಂಗೀತವನ್ನು ಸಿದ್ಧಪಡಿಸಿದರು. ರಾಗವನ್ನು ಬರೆದವರು ರಾನ್ ಗ್ರೇನರ್. ಆದರೆ ಆಸಿಲೇಟರಿನ ತಿರುಪನ್ನು ಕೈಯಿಂದ ತಿರುಗಿಸುತ್ತ, ದನಿಯನ್ನು ಏರಿಸಿ ಇಳಿಸಿ, ಟೇಪು ಕತ್ತರಿಸಿ ಅಂಟಿಸಿ ಅದಕ್ಕೆ ಜೀವ ತುಂಬಿದ್ದು ಆಕೆ. ಕೇಳಿ ಬೆರಗಾದ ಗ್ರೇನರ್ ಗೌರವಧನದಲ್ಲಿ ಆಕೆಗೂ ಪಾಲು ಸಲ್ಲಲೆಂದರು. ಸಂಸ್ಥೆಯ ನಿಯಮ ಒಪ್ಪಲಿಲ್ಲ. ಕಾರ್ಯಾಗಾರದವರ ಹೆಸರು ಹೇಳುವ ಪದ್ಧತಿ ಇರಲಿಲ್ಲ. 2013ರಲ್ಲಿ, ಆ ಮಾಲೆಗೆ ಐವತ್ತು ತುಂಬಿದಾಗ, ಆಕೆಯ ಹೆಸರು ಮೊದಲ ಸಲ ತೆರೆಯ ಮೇಲೆ ಬಂತು. ಆಕೆ ತೀರಿಕೊಂಡು ಆಗಲೇ ಹನ್ನೆರಡು ವರ್ಷವಾಗಿತ್ತು.

ಹೆಸರಿನ ಪ್ರಶ್ನೆ ನಮ್ಮ ದೇಶದಲ್ಲಿ ಇನ್ನೊಂದು ರೀತಿಯಲ್ಲಿ ಎದ್ದಿತು. ಮುಂಬಯಿಯ ಚಿತ್ರರಂಗದಲ್ಲಿ ವಾದಕರಾಗಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಗ್ರಾಮಫೋನ್ ಕಂಪನಿಯ ಮೂಲಕ ಒಂದು ರಿಕಾರ್ಡು ಹೊರತಂದರು. ಭೈರವ್, ಯಮನ್, ಮಾಲಕಂಸ ಮುಂತಾದ ಹತ್ತು ರಾಗಗಳು, ಡಿಸ್ಕೊ ತಾಳದ ಮೇಲೆ. ಮೃದಂಗವಿಲ್ಲ, ತಬಲವಿಲ್ಲ, ಎಲ್ಲವೂ ಜಪಾನಿನ ರೋಲೆಂಡ್ ಕಂಪನಿಯ ಯಂತ್ರಗಳು. ಅವುಗಳಲ್ಲೊಂದು ‘ಟಿಬಿ-303’. ಒಬ್ಬರೇ ಕುಳಿತು ಅಭ್ಯಾಸ ಮಾಡುವ ವಾದಕನಿಗೆ ಬಾಸ್ ಗಿಟಾರಿನ ಬದಲು ಜೊತೆಗಿರಲೆಂದು ಮಾಡಿದ ಈ ಪೆಟ್ಟಿಗೆಯನ್ನು ಜನ ಕೊಳ್ಳದೆ ಕಂಪನಿಯವರು ಬೇಗನೆ ನಿಲ್ಲಿಸಿಬಿಟ್ಟರು. ಆದರೆ ಅದರಲ್ಲೊಂದು ಗುಣವಿತ್ತು: ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಲ್ಲದಾಗಿತ್ತು. ಪೇಟಿಗೆ ಒಲಿಯದ ಮೀಂಡಿನ ಛಾಯೆ ಈ ಪ್ಲಾಸ್ಟಿಕ್ ಪೆಟ್ಟಿಗೆಗೆ ಒಲಿಯಿತು.

ರಿಕಾರ್ಡು ಮಾರಾಟವಾಗಲಿಲ್ಲ, ಜನ ಮರೆತರು. ಐದು ವರ್ಷದ ಮೇಲೆ, 1987ರಲ್ಲಿ, ಅಮೆರಿಕದ ಷಿಕಾಗೊ ನಗರದ ಮೂವರು ಯುವಕರು ಅದೇ ಜಾತಿಯ ಯಂತ್ರದಿಂದ ಒಂದು ರಿಕಾರ್ಡು ಮಾಡಿದರು; ಅದರಿಂದ ‘ಆಸಿಡ್ ಹೌಸ್’ ಎಂಬ ನೃತ್ಯಸಂಗೀತದ ಹೊಸ ಶಾಖೆಯೇ ಬೆಳೆಯಿತು. 2010ರಲ್ಲಿ ಸಿಂಗರ ರಿಕಾರ್ಡು ಹಾಲೆಂಡಿನಿಂದ ಮರುಮುದ್ರಣಗೊಂಡಾಗ ಕೇಳಿದವರು ದಂಗಾದರು. ಈ ಸಂಗೀತವನ್ನು ಮೊದಲು ಕಂಡುಹಿಡಿದವರು ಷಿಕಾಗೊದವರಲ್ಲ, ಮುಂಬಯಿಯ ಸರದಾರರು ಎಂದು ಸಾರಿದವರೂ ಉಂಟು.

ನನಗೆ ಈ ಮಾತು ರುಚಿಸುವುದಿಲ್ಲ. ಷಿಕಾಗೊದವರು ಸಿಂಗರ ರಿಕಾರ್ಡನ್ನು ಕೇಳಿ ಕಲಿತವರಲ್ಲ. ಸಿಂಗರು ಅಂಥ ಶಾಖೆಯೊಂದನ್ನು ಹುಟ್ಟಿಸಲು ಹೊರಟವರೂ ಅಲ್ಲ. ಚಿತ್ರಗಳಲ್ಲಿ ಡಿಸ್ಕೊ ತುಂಬಿದ್ದ ವರ್ಷ ಅದು. ಬೇರೆಯದೇನಾದರೂ ಮಾಡೋಣವೆಂದು ತಮಗೆ ಗೊತ್ತಿದ್ದ ರಾಗಗಳನ್ನು ಅದರ ಮೇಲೆ ನುಡಿಸಿದರು. ಯಾರೋ ಮುಂದೆ ಮಾಡಿದ್ದಕ್ಕೆ ಪೂರ್ವಜರೆಂದು ಹೊಗಳುವುದರಲ್ಲಿ, ಅವರು ಮಾಡಿದ್ದನ್ನು ಕೇಳುವುದೇ ಮರೆತುಹೋಗುತ್ತದೆ. ನೀವು ಕೇಳಿ ನೋಡಿ. ಶಾಸ್ತ್ರೀಯ ಸಂಗೀತದ ಅಳತೆಗೋಲಿಗೆ ಅಲ್ಲಿ ಕೊರತೆಗಳು ಬೇಕಾದಷ್ಟು ಸಿಗುತ್ತವೆ. ಆಲಾಪಕ್ಕೆ ಎಡೆ ಕಡಿಮೆ, ತಾಳದ ಯಂತ್ರ ಬೇಲಿ ಹಾಕಿದಂತೆ ಒಂದೇ ಸಮನೆ ಬಡಿಯುತ್ತದೆ, ರಾಗ ಬೆಳೆಯುವ ಬದಲು ಸುತ್ತುತ್ತದೆ. ಹಿರಿಯರು ಅರ್ಧಕ್ಕೇ ಎದ್ದು ಹೋದರೆ ಅವರನ್ನು ದೂರಲಾರೆ. ಆದರೂ ಭೈರವದ ಕೋಮಲ ರಿಷಭ ಆ ಬೇಲಿಯ ನಡುವೆಯೂ ಭೈರವದ್ದೇ. ಸಿಂಗರು 2015ರಲ್ಲಿ ತೀರಿಕೊಂಡರು. ಕೊನೆಯ ಕೆಲವು ವರ್ಷ ಅವರಿಗೆ ಕೇಳುಗರು ಸಿಕ್ಕಿದ್ದರೆಂಬುದು ಸಮಾಧಾನದ ಸಂಗತಿ.

ಮತ್ತೆ ತಂಬೂರಿಯ ಪೆಟ್ಟಿಗೆಗೆ ಬರೋಣ. 1979ರಲ್ಲಿ ಬೆಂಗಳೂರಿನಲ್ಲಿ, ಎಂಜಿನಿಯರರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ನಿಜವಾದ ತಂಬೂರಿಯ ಗುಟ್ಟು ಅದರ ಕುದುರೆಯ ಮೇಲೆ ತಂತಿಯ ಅಡಿಗೆ ಸಿಕ್ಕಿಸುವ ಒಂದು ಹತ್ತಿಯ ಎಳೆಯಲ್ಲಿದೆ. ಅದನ್ನು ಕೂದಲೆಳೆಯಷ್ಟು ಸರಿಸಿದರೆ ತಂತಿಯ ಉಪಸ್ವರಗಳು ಅರಳುತ್ತವೆ, ಇಲ್ಲವೆ ಮುದುಡುತ್ತವೆ. ಪೆಟ್ಟಿಗೆಗೆ ಈ ಎಳೆಯಿಲ್ಲ. ಆದ್ದರಿಂದ ಅದು ಜೀವವಿಲ್ಲದ ನಾದವೆಂದು ಹೇಳುವ ವಿದ್ವಾಂಸರಿದ್ದಾರೆ, ಅವರ ಮಾತು ಸುಳ್ಳಲ್ಲ. ಇನ್ನೊಂದು ಕಡೆ, ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿ ಅಭ್ಯಾಸ ಮಾಡುವ ಹುಡುಗಿಗೆ ತಂಬೂರಿ ಕೊಳ್ಳುವ ಶಕ್ತಿ ಎಲ್ಲಿ, ಮೀಟುವ ಜೊತೆಗಾರ ಎಲ್ಲಿ? ಬೆಳಗಿನ ಜಾವ ಗುಂಡಿ ಒತ್ತಿದರೆ ಷಡ್ಜ ಪಂಚಮ ಕೇಳಿಸುತ್ತದೆ, ಶ್ರುತಿಯನ್ನು ತನ್ನ ಕಂಠಕ್ಕೆ ಹೊಂದಿಸಿಕೊಳ್ಳಲು ಒಂದು ತಿರುಪೂ ಇರುತ್ತದೆ.

ಮುಂದಿನ ಕಚೇರಿಗೆ ಹೋದಾಗ ಪರದೆ ಸರಿದ ಕೂಡಲೇ ವೇದಿಕೆಯ ಹಿಂಭಾಗವನ್ನು ನೋಡಿ. ಶಿಷ್ಯೆಯೊಬ್ಬಳು ತಂಬೂರಿಯನ್ನು ಭುಜಕ್ಕೊರಗಿಸಿ ಮೀಟುತ್ತಿರುತ್ತಾಳೆ. ಗಾಯಕರ ಬಲಗಡೆ, ನೀರಿನ ಚೊಂಬಿನ ಪಕ್ಕದಲ್ಲಿ, ಆ ಪೆಟ್ಟಿಗೆಯೂ ಸಣ್ಣಗೆ ಹಾಡುತ್ತಿರುತ್ತದೆ.