ಸಿನಿಮಾ ಶಾಲೆಯೂ ಅಪ್ಪನಿಗೆ ಹೇಳಿದ ಸುಳ್ಳೂ

2014ರ ಜನವರಿಯಲ್ಲಿ ಅಪ್ಪನಿಗೆ ಫೋನ್ ಮಾಡಿ, "ಒಂದು ಸರ್ಟಿಫಿಕೇಷನ್ ಕೋರ್ಸಿಗೆ ಸೇರ್ಕೊಂಡಿದೀನಿ, ಆರು ತಿಂಗಳು ಶನಿವಾರ ಭಾನುವಾರ ಊರಿಗೆ ಬರೋಕಾಗಲ್ಲ" ಅಂದೆ. ಅಪ್ಪ ಅದನ್ನು ಜಾವಾ ಅಂತಲೋ ಒರಾಕಲ್ ಅಂತಲೋ ಅಂದುಕೊಂಡರು. ನಾನು ತಿದ್ದಲಿಲ್ಲ. ನಾನು ಅರವತ್ತೈದು ಸಾವಿರ ಕಟ್ಟಿ ಸೇರಿದ್ದು ಒಂದು ಸಿನಿಮಾ ಶಾಲೆಗೆ. ಬಿಇ ಓದಿಸುವುದಕ್ಕೆ ಎರಡು ವರ್ಷದ ಅಡಿಕೆ ಫಸಲಿನ ಮೇಲೆ ಸೊಸೈಟಿಯಲ್ಲಿ ಸಾಲ ಎತ್ತಿದ್ದ ಮನುಷ್ಯನಿಗೆ ಈ ಮಾತು ಹೇಳುವುದಾದರೂ ಹೇಗೆ?

ಶಾಲೆ ಅಂದರೆ ದೊಡ್ಡ ಕಲ್ಪನೆ ಬೇಡ. ಒಂದು ಬೇಕರಿಯ ಮೇಲಿನ ಮಹಡಿ, ಹದಿನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಕ್ಯಾಮೆರಾ. ನಮ್ಮಲ್ಲಿ ಒಂಬತ್ತು ಜನ ಐಟಿಯವರೇ. ಬ್ರೋಶರಿನಲ್ಲಿದ್ದ ಎಡಿಟಿಂಗ್ ಲ್ಯಾಬ್ ಕೊನೆಯವರೆಗೂ ಬರಲಿಲ್ಲ. ಐದನೇ ತಿಂಗಳಿಗೆ ಆ ಮಹಡಿಗೆ ಬೀಗ ಬಿತ್ತು. ಹೆಸರು ಬೇಡ ಬಿಡಿ. ಆದರೆ ಅಲ್ಲಿ ಕ್ಯಾಮೆರಾ ಪಾಠಕ್ಕೆ ಬರುತ್ತಿದ್ದ, ರಿಟೈರ್ ಆದ ಒಬ್ಬ ಮೇಷ್ಟ್ರಿದ್ದರು. ಕೊಟ್ಟ ದುಡ್ಡು ಅವರೊಬ್ಬರಿಂದಲೇ ವಸೂಲಾಯಿತು ಅಂತ ಈಗಲೂ ಅಂದುಕೊಳ್ಳುತ್ತೇನೆ.

ಮೊದಲನೇ ಕ್ಲಾಸಿನಲ್ಲಿ ಅವರು ಕ್ಯಾಮೆರಾ ಮುಟ್ಟಲು ಬಿಡಲಿಲ್ಲ. ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಸರಳಿನ ನೆರಳು ಗೋಡೆಯ ಮೇಲೆ ಎಷ್ಟು ಸರಿಯುತ್ತದೆ ನೋಡಿ ಬರ್ಕೊಳ್ಳಿ ಅಂದರು. ಒಂದು ಗಂಟೆ! ನಮಗೆಲ್ಲ ನಗು. ಕೆಲವರು ಆಫೀಸಿನ ಮೇಲ್ ನೋಡುತ್ತ ಕೂತರು.

ಆ ಏಪ್ರಿಲ್ 7ಕ್ಕೆ ವಿ.ಕೆ. ಮೂರ್ತಿ ತೀರಿಕೊಂಡರು. ಆ ವಾರದ ಕ್ಲಾಸಿಗೆ ಬಂದ ಮೇಷ್ಟ್ರು, "ಮೂರ್ತಿ ಯಾರು ಗೊತ್ತೇನ್ರಪ್ಪಾ?" ಅಂತ ಕೇಳಿದರು. ಹದಿನಾಲ್ಕು ಜನರಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ಸತ್ತವರು ಇದೇ ಊರಿನಲ್ಲಿ ಬದುಕಿದ್ದವರು. ಆ ದಿನ ಮೇಷ್ಟ್ರು ಪಾಠ ಮಾಡಲಿಲ್ಲ, ಕತೆ ಹೇಳಿದರು. ಆಮೇಲೆ ನಾನೇ ಹುಡುಕಿ ಓದಿಕೊಂಡದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ.

ಕೆ.ಆರ್. ಸರ್ಕಲ್ ಹತ್ತಿರದ ಎಸ್.ಜೆ. ಪಾಲಿಟೆಕ್ನಿಕ್ಕನ್ನು ನೀವೆಲ್ಲ ಬಸ್ಸಿನಿಂದ ನೋಡಿರುತ್ತೀರಿ. ಅದು ಶುರುವಾದದ್ದು 1943ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ. ಆಗ ಅದರ ಹೆಸರು ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್. ಹುಡುಗರ ಕೈಗೆ ಕಸುಬು ಕೊಡಬೇಕು ಅನ್ನುವುದು ಉದ್ದೇಶ. ಆ ಕಸುಬುಗಳ ಪಟ್ಟಿಯಲ್ಲಿ ಸಿನಿಮಾಟೋಗ್ರಫಿಯೂ ಇತ್ತು. ಫ್ರಾನ್ಸಿನವರು ಪ್ಯಾರಿಸ್‌ನಲ್ಲಿ ಇಡೆಕ್ ಅನ್ನುವ ತಮ್ಮ ಹೆಸರಾಂತ ಸಿನಿಮಾ ಶಾಲೆಯನ್ನು ಸ್ಥಾಪಿಸಿದ್ದೂ ಅದೇ 1943ರಲ್ಲಿ. ಪುಣೆಯಲ್ಲಿ ಸರ್ಕಾರಿ ಸಿನಿಮಾ ಶಾಲೆ ಬರುವುದಕ್ಕೆ ಇನ್ನೂ ಹದಿನೇಳು ವರ್ಷ ಬಾಕಿಯಿತ್ತು.

ನನಗೆ ಇಷ್ಟವಾಗುವುದು ಏನಂದರೆ, ಮೈಸೂರು ಸೀಮೆಯಲ್ಲಿ ಸಿನಿಮಾ ಪಾಠ ಶುರುವಾದದ್ದು "ಕಲೆ" ಅನ್ನುವ ಬೋರ್ಡಿನ ಕೆಳಗಲ್ಲ, ಡಿಪ್ಲೊಮಾ ಕೊಡುವ ಕಸುಬಿನ ಶಾಲೆಯೊಳಗೆ. ಲೆನ್ಸು, ಕೆಮಿಕಲ್ಲು, ಕರೆಂಟು. ನಮ್ಮಂಥ ಎಂಜಿನಿಯರುಗಳ ಹತ್ತಿರದ ನೆಂಟರು ಅವರು.

ಮೈಸೂರಿನ ಮೂರ್ತಿ 1946ರಲ್ಲಿ ಅಲ್ಲಿಂದ ಡಿಪ್ಲೊಮಾ ಪಡೆದು ಬೊಂಬಾಯಿಗೆ ಹೋದರು. ಪಿಟೀಲು ಬಾರಿಸುವುದೂ ಬರುತ್ತಿತ್ತು. 1951ರ 'ಬಾಜಿ'ಯಲ್ಲಿ ಅವರು ಕ್ಯಾಮೆರಾ ಅಸಿಸ್ಟೆಂಟ್. ಅಲ್ಲಿ ಒಂದು ಕಷ್ಟದ ಶಾಟ್ ಸೂಚಿಸಿ ತೆಗೆದು ತೋರಿಸಿದ್ದು ನಿರ್ದೇಶಕ ಗುರುದತ್ ಕಣ್ಣಿಗೆ ಬಿತ್ತು. ಗುರುದತ್ ಕೂಡ ಹುಟ್ಟಿದ್ದು ಬೆಂಗಳೂರಿನಲ್ಲೇ. ಮುಂದಿನ ಚಿತ್ರ 'ಜಾಲ್'ನಿಂದ ಗುರುದತ್ ಕ್ಯಾಮೆರಾ ಅಂದರೆ ಮೂರ್ತಿ ಅಂತಾಯಿತು. 'ಪ್ಯಾಸಾ', 'ಕಾಗಜ್ ಕೆ ಫೂಲ್', 'ಸಾಹಿಬ್ ಬೀಬಿ ಔರ್ ಗುಲಾಮ್' ಎಲ್ಲ ಅವರದೇ.

1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೋದೊಳಗೆ ಮೇಲಿನಿಂದ ಓರೆಯಾಗಿ ಒಂದು ಬೆಳಕಿನ ಕೋಲು ಇಳಿಯುತ್ತದೆ. ಅತ್ತ ಒಬ್ಬರು, ಇತ್ತ ಒಬ್ಬರು. ದೊಡ್ಡ ಕನ್ನಡಿ ಇಟ್ಟು ಹೊರಗಿನ ಬಿಸಿಲನ್ನೇ ಒಳಗೆ ತಿರುಗಿಸಿದ್ದರು ಮೂರ್ತಿ. ಮೇಷ್ಟ್ರು ಇದನ್ನು ಹೇಳಿದಾಗ ನನಗೆ ನೆನಪಾದದ್ದು ನಮ್ಮನೆಯ ಅಡುಗೆಮನೆ. ಹೆಂಚಿನ ಮಾಡಿನಲ್ಲಿ ಒಂದು ಗಾಜಿನ ಹೆಂಚು, ಅದರಿಂದ ಇಳಿಯುವ ಬಿಸಿಲಕೋಲು, ಅದರೊಳಗೆ ಆಡುವ ಒಲೆಯ ಹೊಗೆ. ಒಡೆದ ಕನ್ನಡಿ ಚೂರಲ್ಲಿ ಬಿಸಿಲು ಹಿಡಿದು ದನದ ಕೊಟ್ಟಿಗೆಯೊಳಗೆ ಬಿಟ್ಟು ಬೈಸಿಕೊಂಡವನು ನಾನು. ಇದೂ ಒಂದು ವಿದ್ಯೆ ಅಂತ ಇಪ್ಪತ್ತಾರು ವರ್ಷ ಯಾರೂ ಹೇಳಿರಲಿಲ್ಲ.

ಆ ಚಿತ್ರ ಸೋತಿತು. ಗುರುದತ್ ಮತ್ತೆ ನಿರ್ದೇಶಕ ಅಂತ ತನ್ನ ಹೆಸರು ಹಾಕಿಕೊಳ್ಳಲಿಲ್ಲ. ಮೂರ್ತಿಗೆ ಮಾತ್ರ ಛಾಯಾಗ್ರಹಣದ ಫಿಲ್ಮ್‌ಫೇರ್ ಬಂತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಬಂತು. ಅದನ್ನು ಪಡೆದ ಮೊದಲ ಕ್ಯಾಮೆರಾಮನ್ ಅವರೇ. 1962ರಲ್ಲಿ ಅದೇ ಪಾಲಿಟೆಕ್ನಿಕ್ಕಿನಿಂದ ಹೊರಬಿದ್ದ ಇನ್ನೊಬ್ಬ ಹುಡುಗ ಮೂರ್ತಿಯವರ ಕೈಕೆಳಗೆ ದುಡಿದ. ಕರಾಚಿಯಲ್ಲಿ ಹುಟ್ಟಿದ ಗೋವಿಂದ ನಿಹಲಾನಿ. ಕಾರ್ನಾಡರ 'ಕಾಡು', ಬೆನೆಗಲ್ಲರ 'ಅಂಕುರ್' ಚಿತ್ರಗಳಿಗೆ ಕ್ಯಾಮೆರಾ ಹಿಡಿದು, ಆಮೇಲೆ 'ಆಕ್ರೋಶ್', 'ಅರ್ಧ ಸತ್ಯ' ಮಾಡಿದವರು. ಪಾಲಿಟೆಕ್ನಿಕ್ಕಿನ ಸಿನಿಮಾ ವಿಭಾಗ ಮುಂದೆ ಹೆಸರಘಟ್ಟಕ್ಕೆ ಹೋಗಿ ಬೇರೆ ಸಂಸ್ಥೆಯೇ ಆಯಿತು.

ಇನ್ನೊಂದು ದಾರಿ ಪುಣೆಯದು. 'ಸಂತ ತುಕಾರಾಂ' ತೆಗೆದ ಪ್ರಭಾತ್ ಕಂಪನಿ ಮುಚ್ಚಿದ ಮೇಲೆ, ಅದರ ಸ್ಟುಡಿಯೋ ಜಾಗದಲ್ಲಿ ಸರ್ಕಾರ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ತೆರೆಯಿತು. ಬೊಂಬಾಯಿಯಲ್ಲಾಗಲಿ ಮದರಾಸಿನಲ್ಲಾಗಲಿ ಕೆಲಸ ಕಲಿಯಬೇಕಾದರೆ ಅಲ್ಲಿಯವರೆಗೆ ಹೆಚ್ಚಿನವರಿಗೆ ಇದ್ದದ್ದು ಒಂದೇ ದಾರಿ. ಯಾರದೋ ಕೈಕೆಳಗೆ ವರ್ಷಗಟ್ಟಲೆ ಇರಬೇಕು, ಅದಕ್ಕೂ ಮೊದಲು ಅವರ ಪರಿಚಯ ಇರಬೇಕು. ಪರಿಚಯವೇ ಇಲ್ಲದವನು ಅರ್ಜಿ ಹಾಕಿ ಒಳಗೆ ಹೋಗಬಹುದು ಅನ್ನುವುದೇ ಆ ಗೇಟು ಮಾಡಿದ ದೊಡ್ಡ ಕೆಲಸ. ಋತ್ವಿಕ್ ಘಟಕ್ ಅರವತ್ತರ ದಶಕದಲ್ಲಿ ಸ್ವಲ್ಪ ಕಾಲವೇ ಅಲ್ಲಿದ್ದರು. ಅಷ್ಟರಲ್ಲೇ ಮಣಿ ಕೌಲ್, ಕುಮಾರ್ ಶಹಾನಿಯಂಥ ಶಿಷ್ಯರು ತಯಾರಾದರು.

ಹಾಗೆ ಒಳಗೆ ಹೋದವರಲ್ಲಿ ನಮ್ಮ ಕಡೆಯವರೂ ಒಬ್ಬರು. ತೀರ್ಥಹಳ್ಳಿ ತಾಲ್ಲೂಕು ಕೆಸಲೂರಿನ ಗಿರೀಶ ಕಾಸರವಳ್ಳಿ. ಮಣಿಪಾಲದಲ್ಲಿ ಬಿ.ಫಾರ್ಮ ಓದಿದ್ದರು. ಬಿ.ಫಾರ್ಮ! ಕೈಯಲ್ಲೊಂದು ಡಿಗ್ರಿ ಇಟ್ಟುಕೊಂಡು ಅದನ್ನು ಬಿಟ್ಟು ಪುಣೆಗೆ ಹೋದರು. ಅಲ್ಲಿ ಅವರು ಮಾಡಿದ ಡಿಪ್ಲೊಮಾ ಚಿತ್ರ 'ಅವಶೇಷ್'ಗೆ ರಾಷ್ಟ್ರಪ್ರಶಸ್ತಿ ಬಂತು. 1977ರ ಮೊದಲ ಚಿತ್ರ 'ಘಟಶ್ರಾದ್ಧ'ಕ್ಕೆ ಸ್ವರ್ಣಕಮಲ. ಆಗ ಅವರಿಗೆ ಇಪ್ಪತ್ತೇಳು ವರ್ಷ. ಅವರ ಮನೆಯಲ್ಲಿ ಆಗ ಏನು ಮಾತು ನಡೆದಿತ್ತು ಅಂತ ಯೋಚಿಸದೆ ಇರೋಕೆ ನನಗೆ ಆಗುತ್ತಿರಲಿಲ್ಲ. ನಾನಂತೂ ಮಾತೇ ಬೇಡ ಅಂತ ಸುಳ್ಳು ಹೇಳಿದ್ದವನು.

ಮೇಷ್ಟ್ರು ಹೇಳಿದ ಇನ್ನೊಂದು ಸಂಗತಿ. ಪ್ರಪಂಚದ ಮೊದಲ ಸಿನಿಮಾ ಶಾಲೆ ಶುರುವಾದದ್ದು 1919ರಲ್ಲಿ, ಮಾಸ್ಕೋದಲ್ಲಿ. ಕ್ರಾಂತಿ, ಅಂತರ್ಯುದ್ಧ, ಫಿಲ್ಮ್ ರೋಲೇ ಸಿಗುತ್ತಿರಲಿಲ್ಲ. ಕುಲೆಶೋವ್ ಅನ್ನುವ ಮೇಷ್ಟ್ರು ಮತ್ತು ಅವರ ಶಿಷ್ಯರು ಫಿಲ್ಮಿಲ್ಲದೆಯೇ ಸಿನಿಮಾ ಮಾಡುತ್ತಿದ್ದರು. ಶಾಟ್ ಶಾಟಾಗಿ ರಂಗದ ಮೇಲೆ ಆಡಿ ತೋರಿಸುವುದು, ಹಳೆಯ ಚಿತ್ರ ಕತ್ತರಿಸಿ ಬೇರೆ ಥರ ಜೋಡಿಸುವುದು. ಇದನ್ನು ಕೇಳಿ ನನಗೆ ನಗು ಬಂತು. ನಾನು ಪಿಯುಸಿಯಲ್ಲಿ ಸಿ ಪ್ರೋಗ್ರಾಂ ಕಲಿತದ್ದೂ ಹಾಗೆಯೇ. ನಲವತ್ತು ಹುಡುಗರಿಗೆ ಎರಡು ಕಂಪ್ಯೂಟರ್, ಅದರಲ್ಲೊಂದು ಸದಾ ರಿಪೇರಿ. ರೂಲ್ಡ್ ಹಾಳೆಯ ಮೇಲೆ ಕೋಡ್ ಬರೆದು, ತಲೆಯೊಳಗೇ ರನ್ ಮಾಡಿ, ತಪ್ಪು ಎಲ್ಲಿದೆ ಅಂತ ಹುಡುಕುತ್ತಿದ್ದೆವು. ಇವತ್ತಿಗೂ ಆಫೀಸಿನಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ಸಾವಿರ ಅಡಿಯ ಒಂದು ಫಿಲ್ಮ್ ರೋಲು ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ಓಡಿದ ಫಿಲ್ಮನ್ನು ಅಳಿಸಿ ಮತ್ತೆ ಬಳಸೋಕೆ ಬರುವುದಿಲ್ಲ. ಹಾಗಾಗಿ ಬಟನ್ ಒತ್ತುವ ಮೊದಲು ಯೋಚನೆ ಮಾಡುವುದೇ ಹಳೆಯ ಶಾಲೆಗಳಲ್ಲಿ ಅರ್ಧ ಪಾಠ. ನಮ್ಮ ಮಹಡಿ ಶಾಲೆಯಲ್ಲಿ ಮೆಮೊರಿ ಕಾರ್ಡು ಮುಗಿಯುತ್ತಲೇ ಇರಲಿಲ್ಲ. ಮೂರು ನಿಮಿಷದ ಎಕ್ಸರ್‌ಸೈಜಿಗೆ ನಾನು ನಾಲ್ಕು ಗಂಟೆ ಶೂಟ್ ಮಾಡಿ ತಂದೆ. ಮೇಷ್ಟ್ರು ಹತ್ತು ನಿಮಿಷ ನೋಡಿ, "ಏನು ಬೇಕಿತ್ತು ಅಂತ ನಿನಗೇ ಗೊತ್ತಿಲ್ಲ, ಕಾರ್ಡಿಗೆ ಹೇಗೆ ಗೊತ್ತಾಗುತ್ತೆ?" ಅಂದರು.

ಬೀಗ ಬಿದ್ದ ಮೇಲೆ, ಆ ಎಕ್ಸರ್‌ಸೈಜನ್ನು ಸರಿಯಾಗಿ ತೆಗೆಯಲೇಬೇಕು ಅನ್ನುವ ಹಟದಲ್ಲಿ ಬಾಡಿಗೆ ಕ್ಯಾಮೆರಾ ತಗೊಂಡು ಊರಿಗೆ ಹೋದೆ. ಸಾಗರದಿಂದ ಒಳಗೆ ನಮ್ಮ ಹಳ್ಳಿ. ಅಡುಗೆಮನೆಯ ಬಿಸಿಲಕೋಲಿನ ಎದುರು ಸ್ಟ್ಯಾಂಡ್ ಇಟ್ಟು ನಿಂತಿದ್ದೆ. ತೋಟದಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತರು.

"ಇದಾ ನಿನ್ ಸರ್ಟಿಫಿಕೇಟು?"

ಎಲ್ಲ ಹೇಳಿದೆ. ದುಡ್ಡು, ಸುಳ್ಳು, ಬೀಗ. ಕೆಲಸ ಬಿಡುವ ಯೋಚನೆ ಇದ್ದದ್ದೂ ಹೇಳಿದೆ. ಅಪ್ಪ ಕವಳದ ತಟ್ಟೆ ಎಳೆದುಕೊಂಡು ಕೂತು, ಬೈಯದೆ, ಇದ್ದಕ್ಕಿದ್ದಂತೆ ಕೇಳಿದರು. "ಸೈಕಲ್ ಕಳ್ಳರದ್ದು ತೋರ್ಸಿದ್ರಾ ನಿಮ್ ಶಾಲೇಲಿ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. 1948ರಲ್ಲಿ ಇಟಲಿಯ ಡಿ ಸಿಕಾ ತೆಗೆದ 'ಬೈಸಿಕಲ್ ಥೀವ್ಸ್' ಬಗ್ಗೆ ಅಪ್ಪ ಕೇಳುತ್ತಿದ್ದರು.

ಇದು ಹೇಗೆ ಅಂತ ತಿಳಿಯಬೇಕಾದರೆ ಮತ್ತೆ ಪುಣೆಗೇ ಹೋಗಬೇಕು. 1964ರಲ್ಲಿ ಅಲ್ಲಿ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಶುರುವಾಯಿತು. ಅದನ್ನು ಕಟ್ಟಿದವರು ಕೇರಳದ ಪಿ.ಕೆ. ನಾಯರ್. ಫಾಲ್ಕೆಯವರ 'ರಾಜಾ ಹರಿಶ್ಚಂದ್ರ'ದ ಉಳಿದ ತುಣುಕುಗಳನ್ನು ನಾವು ಇಂದು ನೋಡಲು ಸಾಧ್ಯವಾಗಿರುವುದರ ಹಿಂದೆ ಅವರಿದ್ದಾರೆ. ಡಬ್ಬಿಗಳನ್ನು ಕೂಡಿಟ್ಟು ಸುಮ್ಮನಿರದೆ, ಅವನ್ನು ಊರೂರಿಗೆ ಕಳಿಸಿದರು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿ ಚಿತ್ರಸಮಾಜ ಶುರು ಮಾಡಿತ್ತು. ಪುಣೆಯಿಂದ ನಾಯರ್, ಸತೀಶ್ ಬಹಾದ್ದೂರ್ ಬಂದು ಅಲ್ಲಿ ಸಿನಿಮಾ ನೋಡುವ ಪಾಠ ಮಾಡಿದರು. 'ಪಥೇರ್ ಪಾಂಚಾಲಿ', 'ರಶೋಮನ್', 'ಬೈಸಿಕಲ್ ಥೀವ್ಸ್' ಅಡಿಕೆ ತೋಟದ ನಡುವಿನ ಊರಿನಲ್ಲಿ ಓಡಿದವು. ಸುಬ್ಬಣ್ಣ ಕಾಸರವಳ್ಳಿಯವರಿಗೆ ಸೋದರಮಾವ ಅನ್ನುವುದೂ ಇಲ್ಲೇ ಹೇಳಬೇಕಾದ ಮಾತು.

ಎಪ್ಪತ್ತರ ದಶಕದ ಕೊನೆಗೆ, ಇಪ್ಪತ್ತು ದಾಟಿದ ನಮ್ಮಪ್ಪ ಕೊಯ್ಲಿನ ಕೆಲಸ ಮುಗಿಸಿ, ಗೆಳೆಯನ ಸೈಕಲ್ಲಿನ ಹಿಂದೆ ಕೂತು ಹೆಗ್ಗೋಡಿಗೆ ಹೋಗಿದ್ದರಂತೆ. ಮನೆಯಲ್ಲಿ ಹೇಳದೆ.

"ಭಾಷೆ ಯಾರಿಗೆ ಬರ್ತಿತ್ತು ಮಾರಾಯ" ಅಂದರು ಅಪ್ಪ. "ಕೆಲಸಕ್ಕೆ ಸೈಕಲ್ ಬೇಕು, ಸೈಕಲ್ ಕಳ್ದೋಯ್ತು. ಇದು ಗೊತ್ತಾಗೋಕೆ ಭಾಷೆ ಯಾಕೆ? ಕೊನೇಲಿ ಅವನೂ ಒಂದು ಕದೀತಾನೆ, ಸಿಕ್ಕಿ ಬೀಳ್ತಾನೆ. ಮಗ ನೋಡ್ತಾ ಇರ್ತಾನೆ. ನಾನು ಮಗನ ಕಡೆ ಆಗಿ ನೋಡಿದ್ದೆ ಆವಾಗ. ಈಗ್ಲಾದ್ರೆ ಅಪ್ಪನ ಕಡೆ ಆಗಿ ನೋಡ್ಬೇಕೇನೋ."

ಇಂಥ ಮಾತು ಆ ಮಹಡಿಯ ಮೇಲೆ ನಾನು ಕೇಳಿರಲಿಲ್ಲ. ಸರ್ಕಾರದ ದುಡ್ಡಿನಲ್ಲಿ ನಡೆದ ಒಂದು ಆರ್ಕೈವ್, ಒಂದು ಹಳ್ಳಿಯ ಸಂಘ, ಬಸ್ಸಿನಲ್ಲಿ ಬಂದಿಳಿಯುವ ತಗಡಿನ ಡಬ್ಬಿಗಳು. ಇಷ್ಟರಿಂದ ಫೀಸು ಕಟ್ಟದ, ಸರ್ಟಿಫಿಕೇಟು ಕೇಳದ ಒಬ್ಬ ವಿದ್ಯಾರ್ಥಿ ನಮ್ಮನೆಯಲ್ಲೇ ತಯಾರಾಗಿದ್ದ. ನನಗದು ಗೊತ್ತಿರಲಿಲ್ಲ, ಯಾಕೆಂದರೆ ನಾನು ಕೇಳಿಯೇ ಇರಲಿಲ್ಲ. ಅಪ್ಪನಿಗೆ ಇದೆಲ್ಲ ಅರ್ಥವಾಗಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಹೇಳಿದ ಸುಳ್ಳಿಗಿಂತ ಇದೇ ದೊಡ್ಡ ತಪ್ಪು ಅಂತ ಆಮೇಲೆ ಅನ್ನಿಸಿತು.

ಕೆಲಸ ಬಿಡುವ ವಿಷಯಕ್ಕೆ ಅಪ್ಪ ಹೌದು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. "ಸಾಲ ತೀರಿದೆ, ಅದರ ಚಿಂತೆ ಮಾಡ್ಬೇಡ" ಅಂದರು ಅಷ್ಟೆ. ನಾನು ಬಿಡಲಿಲ್ಲ. ಧೈರ್ಯ ಸಾಲಲಿಲ್ಲ ಅಂತ ಹೇಳುವುದೇ ಪ್ರಾಮಾಣಿಕ. ಮದುವೆ, ಫ್ಲಾಟು, ಇಎಂಐ ಎಲ್ಲ ಆಮೇಲೆ ಬಂದ ಕಾರಣಗಳು. ಫಾರ್ಮಸಿ ಬಿಟ್ಟು ಪುಣೆಗೆ ಹೋದವರ ಕತೆ ಓದಿದಾಗ ಈಗಲೂ ಸಣ್ಣಗೆ ಉರಿಯುತ್ತದೆ. ಆದರೆ ಶನಿವಾರ ಸಿನಿಮಾ ನೋಡುವಾಗ ಬೆಳಕು ಯಾವ ಕಡೆಯಿಂದ ಬರುತ್ತಿದೆ ಅಂತ ಕಣ್ಣು ತಾನಾಗಿ ಹುಡುಕುತ್ತದೆ. 2024ರಲ್ಲಿ 'ಘಟಶ್ರಾದ್ಧ'ದ ರಿಪೇರಿಯಾದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು ಅಂತ ಓದಿದ ದಿನ, ಮೀಟಿಂಗ್ ಬಿಟ್ಟು ಎದ್ದುಬಂದು ಅಪ್ಪನಿಗೆ ಫೋನ್ ಮಾಡಿದ್ದೆ.

ಆ ಮೂರು ನಿಮಿಷದ ಚಿತ್ರ ಆಯಿತು. ಅದರಲ್ಲಿ ಅಪ್ಪ ಕೂತು ಅಡಿಕೆ ಕತ್ತರಿಸುತ್ತಾರೆ, ಬಿಸಿಲಕೋಲು ಮೊಣಕಾಲಿನಿಂದ ಕೈಗೆ ಸರಿಯುತ್ತದೆ, ಅಷ್ಟೆ. ಮೇಷ್ಟ್ರಿಗೆ ಪೆನ್‌ಡ್ರೈವ್ ಕೊಟ್ಟು ಬಂದೆ. ಎರಡು ದಿನ ಬಿಟ್ಟು ಫೋನ್ ಮಾಡಿ, "ಒಂದು ನಿಮಿಷ ಜಾಸ್ತಿಯಾಯ್ತು, ಆದ್ರೆ ಪರವಾಗಿಲ್ಲ" ಅಂದರು.

ಮುಂದಿನ ಸಲ ಊರಿಗೆ ಹೋದಾಗ 'ಬೈಸಿಕಲ್ ಥೀವ್ಸ್' ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಹೋದೆ. ಮಧ್ಯಾಹ್ನದ ಬೆಳಕಿಗೆ ಸ್ಕ್ರೀನ್ ಕಾಣುತ್ತಿರಲಿಲ್ಲ. ಅಪ್ಪ ಅಟ್ಟ ಹತ್ತಿ ಗಾಜಿನ ಹೆಂಚಿಗೆ ಗೋಣಿಚೀಲ ಅಡ್ಡ ಇಟ್ಟು ಬಂದರು. ಇಬ್ಬರೂ ಜಗಲಿಯ ಕಂಬಕ್ಕೆ ಒರಗಿ ಕೂತೆವು. ಕೊನೆಯಲ್ಲಿ ಆ ಹುಡುಗ ಅಪ್ಪನ ಕೈ ಹಿಡಿದುಕೊಳ್ಳುವಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.